ನೇಪಾಳದ ಗುಡ್ಡದೂರಿನಲ್ಲಿ ಹನ್ನೊಂದು ತಿಂಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನೇಪಾಳದ ರಾಮೇಛಾಪ್ ಜಿಲ್ಲೆಯ ಒಂದು ಗುಡ್ಡದೂರಿನ ಸರ್ಕಾರಿ ಶಾಲೆಯಲ್ಲಿ 2023ರ ಏಪ್ರಿಲ್‌ನಿಂದ ಮುಂದಿನ ಮಾರ್ಚ್‌ವರೆಗೆ ಗಣಿತ ಪಾಠ ಮಾಡಿಕೊಂಡಿದ್ದೆ. ಮರಳಿ ಬಂದ ಮೇಲೆ ಮದುವೆಮನೆಯಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಕೇಳಿದ್ದನ್ನೇ ಕೇಳುತ್ತಾರೆ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಉತ್ತರ ಕೊಟ್ಟು ಸಿಕ್ಕಿಬಿದ್ದ ಮೇಲೆ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಊರಿನ ಹೆಸರು ಹಾಕಿಲ್ಲ. ಅವರ ಅಡುಗೆಮನೆಯ ಸಂಗತಿಗಳನ್ನೆಲ್ಲ ಹೇಳುವಾಗ ಅಷ್ಟಾದರೂ ಮರೆ ಇರಲಿ ಎಂದು.

## ಹೊರಡುವ ಮೊದಲು

ನೇಪಾಳಕ್ಕೆ ವೀಸಾ ಬೇಡವಲ್ಲ, ಅದನ್ನೂ ವಿದೇಶ ಎನ್ನುತ್ತೀರಾ?

ಎನ್ನುತ್ತೇನೆ. 1950ರ ಒಪ್ಪಂದದಿಂದಾಗಿ ಭಾರತೀಯರಿಗೆ ವೀಸಾ ಬೇಡ ಎನ್ನುವುದು ನಿಜ. ವಿಮಾನದಲ್ಲಿ ಹೋಗುವುದಾದರೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಇರಬೇಕು. ಆಧಾರ್ ಮಾತ್ರ ಹಿಡಿದುಕೊಂಡು ಹೋದ, 65 ದಾಟದ ವಯಸ್ಕರು ವಿಮಾನ ನಿಲ್ದಾಣದಿಂದಲೇ ಹಿಂದಿರುಗುತ್ತಾರೆ. ಬೇರೆ ದೇಶದವರ ವಿಷಯ ಕಟ್ಟುನಿಟ್ಟು: ಪ್ರವಾಸಿ ವೀಸಾದಲ್ಲಿ ಬಂದು ಸಂಬಳವಿಲ್ಲದೆ ದುಡಿದರೂ ಅದು ಕೆಲಸವೇ, ಅನುಮತಿ ಬೇಕು. ನಮಗೆ ವೀಸಾದ ತೊಡಕಿಲ್ಲ. ಹಾಗೆಂದು ಸುಮ್ಮನೆ ಹೋಗಿ ತರಗತಿಯೊಳಗೆ ನಿಲ್ಲುವುದು ಸರಿಯಲ್ಲ. ಶಾಲಾ ವ್ಯವಸ್ಥಾಪನ ಸಮಿತಿಯ ಪತ್ರ ತೆಗೆದುಕೊಂಡು, ವಾರ್ಡ್ ಕಚೇರಿಗೆ ತಿಳಿಸಿ, ಆಮೇಲೆ ಸೀಮೆಸುಣ್ಣ ಹಿಡಿಯಿರಿ.

ವಿದೇಶ ಎನ್ನುವುದು ಕಾಲಿಟ್ಟ ಮೇಲೆ ತಿಳಿಯುತ್ತದೆ. ಗಡಿಯಾರ ಹದಿನೈದು ನಿಮಿಷ ಮುಂದಿರುತ್ತದೆ. ನಾನಿದ್ದಾಗ ವಾರದ ರಜೆ ಶನಿವಾರ ಒಂದೇ, ಭಾನುವಾರ ಬೆಳಿಗ್ಗೆ ಶಾಲೆ. ಪಂಚಾಂಗವಂತೂ ವಿಕ್ರಮ ಶಕೆಯದ್ದು. ನಾನು ಹೋದದ್ದು 2080ರ ವೈಶಾಖದಲ್ಲಿ. ನಾನು ಹುಟ್ಟಿದ್ದು 1992ರಲ್ಲಿ ಎಂದಾಗ ಆರನೆಯ ತರಗತಿಯ ಹುಡುಗನೊಬ್ಬ ಕರಿಹಲಗೆಯ ಮೇಲೆ ಕಳೆಯುವ ಲೆಕ್ಕ ಮಾಡಿ, ಮಿಸ್‌ಗೆ 88 ವರ್ಷ ಎಂದು ಘೋಷಿಸಿದ. ಲೆಕ್ಕ ಸರಿಯಾಗಿಯೇ ಇತ್ತು, ಪೂರ್ತಿ ಅಂಕ ಕೊಟ್ಟೆ.

ಆ ಊರಿಗೆ ತಲುಪುವುದು ಹೇಗೆ?

ಕಾಠ್ಮಂಡುವಿನಿಂದ ಧುಲಿಖೇಲ್ ದಾಟಿ ಬಿ.ಪಿ. ಹೆದ್ದಾರಿ ಹಿಡಿದು, ಖುರ್ಕೋಟ್‌ನಲ್ಲಿ ತಿರುಗಿದರೆ ಜಿಲ್ಲಾ ಕೇಂದ್ರ ಮಂಥಲಿ. ತಾಮಾಕೋಶಿ ನದಿಯ ದಡದ ಸೆಕೆಯ ಪೇಟೆ ಅದು. ಅಲ್ಲಿಂದ ಜೀಪು. ಹತ್ತು ಜನರ ಜೀಪಿನಲ್ಲಿ ಹದಿನಾರು ಜನ, ಎರಡು ಮೇಕೆ, ಮೇಲೆ ಸಿಮೆಂಟಿನ ಚೀಲ. ರಸ್ತೆಯೆಂದರೆ ಬೇಸಿಗೆಯಲ್ಲಿ ಬುಲ್ಡೋಜರ್ ಕೊರೆದ ಗೀರು. ಮಳೆಗಾಲದಲ್ಲಿ ಅದು ಮತ್ತೆ ಗುಡ್ಡಕ್ಕೇ ಸೇರುತ್ತದೆ. ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಕೊನೆಯ ಮೂರು ಗಂಟೆ ನಡಿಗೆಯೇ. ನಾನು ಬಂದ ಮೇಲೆ, 2024ರ ಸೆಪ್ಟೆಂಬರ್ ಕೊನೆಯ ಮಹಾಮಳೆಯಲ್ಲಿ ರೋಶಿ ಹೊಳೆಯ ಪಕ್ಕದ ಬಿ.ಪಿ. ಹೆದ್ದಾರಿಯೇ ಅಲ್ಲಲ್ಲಿ ಕೊಚ್ಚಿಹೋಯಿತು. ಆದ್ದರಿಂದ ಹೋಗುವವರು ದಾರಿಯ ಸ್ಥಿತಿಯನ್ನು ನಕ್ಷೆಯಲ್ಲಿ ನೋಡಬೇಡಿ, ಜೀಪಿನವರನ್ನು ಕೇಳಿ.

ಅಷ್ಟು ಎತ್ತರದಲ್ಲಿ ಉಸಿರು ಕಟ್ಟಲಿಲ್ಲವೇ?

ಇಲ್ಲ. ಊರು ಇದ್ದದ್ದು ಸುಮಾರು 1,800 ಮೀಟರ್ ಎತ್ತರದಲ್ಲಿ. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲಿನ ಮಾತು. ನನಗೆ ನೋವು ಕೊಟ್ಟದ್ದು ಮೊಣಕಾಲು, ಅದೂ ಇಳಿಯುವಾಗ.

ಸಂಬಳ ಎಷ್ಟು ಕೊಡುತ್ತಿದ್ದರು?

ಕೊಡುತ್ತಿರಲಿಲ್ಲ, ನಾನೇ ಕೊಡುತ್ತಿದ್ದೆ. ಉಳಿದುಕೊಂಡ ಮನೆಗೆ ಊಟ, ಕೋಣೆ ಸೇರಿ ತಿಂಗಳಿಗೆ 12,000 ನೇಪಾಳಿ ರೂಪಾಯಿ, ಅಂದರೆ ನಮ್ಮ 7,500. ಭಾರತದ ಒಂದು ರೂಪಾಯಿಗೆ ಅಲ್ಲಿ 1.60, ಈ ದರ 1993ರಿಂದ ಕದಲಿಲ್ಲ. ಮನೆಯವರು ಮೊದಲ ತಿಂಗಳು ಹಣ ಬೇಡವೆಂದರು. ಒತ್ತಾಯಿಸಿ ಕೊಟ್ಟೆ. ಅದು ಉದಾರತೆಯೇನಲ್ಲ, ಗುಡ್ಡದ ಮೇಲಿನ ಅಕ್ಕಿಯ ಒಂದೊಂದು ಚೀಲವೂ ಜೀಪಿನಲ್ಲೋ ಬೆನ್ನ ಮೇಲೋ ಬಂದದ್ದು. ಸೇವೆ ಮಾಡಲು ಬಂದವರು ಎಂದು ಬಿಟ್ಟಿ ಊಟ ಮಾಡುವವರನ್ನು ಕಂಡಿದ್ದೇನೆ. ಅವರ ಬೆನ್ನ ಹಿಂದೆ ಊರಿನವರು ಏನು ಆಡಿಕೊಳ್ಳುತ್ತಾರೆ ಎನ್ನುವುದನ್ನೂ ಕೇಳಿದ್ದೇನೆ.

## ದಿನಚರಿ

ಬೆಳಗಿನಿಂದ ರಾತ್ರಿಯವರೆಗೆ ಏನು ಮಾಡುತ್ತಿದ್ದಿರಿ?

ನನ್ನ ಕೋಣೆ ಇದ್ದದ್ದು ಊರಿನವರು ‘ಭೂಕಂಪದ ಮನೆ’ ಎನ್ನುವ ಸಿಮೆಂಟಿನ ಪುಟ್ಟ ಕಟ್ಟಡದಲ್ಲಿ. 2015ರ ಏಪ್ರಿಲ್ 25ರಂದು ಗೋರ್ಖಾದಲ್ಲಿ, ಮೇ 12ರಂದು ಪಕ್ಕದ ದೋಲಖಾದ ಕಡೆ ಭೂಮಿ ನಡುಗಿದಾಗ ಈ ಊರಿನ ಕಲ್ಲುಮಣ್ಣಿನ ಮನೆಗಳು ಕುಸಿದಿದ್ದವು. ಮನೆ ಕಟ್ಟಲು ಸರ್ಕಾರ ಕಂತುಕಂತಾಗಿ ಕೊಟ್ಟದ್ದು ಮೂರು ಲಕ್ಷ. ಆ ಹಣದಲ್ಲಿ ಏಳುವುದು ಎರಡು ಕೋಣೆ ಮಾತ್ರ; ಅದರಲ್ಲಿ ಒಲೆಗೂ ಜಾಗವಿಲ್ಲ, ಜೋಳದ ತೆನೆ ನೇತುಹಾಕಲು ಅಟ್ಟವೂ ಇಲ್ಲ. ಹಾಗಾಗಿ ಹಳೆಯ ಮನೆಯ ಉಳಿದ ಭಾಗಕ್ಕೆ ತಗಡು ಹೊದಿಸಿ ಅಡುಗೆಯನ್ನು ಅಲ್ಲೇ ಮಾಡುತ್ತಾರೆ. ಹೊಸ ಮನೆಯಲ್ಲಿ ಬೀಜ, ಗೊಬ್ಬರ, ಮತ್ತು ನನ್ನಂಥವರು.

ಐದೂವರೆಗೆ ಎಚ್ಚರ. ಮನೆಯ ಹಿರಿಯಾಕೆಯನ್ನು ಆಮಾ ಎಂದು ಕರೆಯುತ್ತಿದ್ದೆ, ಅವರ ಸೊಸೆಯನ್ನು ಭಾವುಜು, ಅಂದರೆ ಅತ್ತಿಗೆ. ನಾನು ಏಳುವ ಹೊತ್ತಿಗೆ ಭಾವುಜು ಒಮ್ಮೆ ನೀರಿಗೆ ಹೋಗಿ ಬಂದು, ಎಮ್ಮೆಗೆ ಹುಲ್ಲು ಹಾಕಿ, ಚಹಾಕ್ಕೆ ಇಟ್ಟಿರುತ್ತಿದ್ದರು. ಒಂಬತ್ತಕ್ಕೆ ಪೂರ್ತಿ ಊಟ. ಹತ್ತಕ್ಕೆ ಶಾಲೆ, ನಾಲ್ಕಕ್ಕೆ ಬಿಡುಗಡೆ, ಶುಕ್ರವಾರ ಅರ್ಧ ದಿನ. ಐದರಿಂದ ಎಂಟನೆಯ ತರಗತಿಯವರೆಗಿನ ಗಣಿತ ನನ್ನ ಪಾಲಿಗೆ. ಭಾಷೆ ಬಾರದಿದ್ದರೂ ಪಾಠ ನಡೆದದ್ದಕ್ಕೆ ಒಂದು ಕಾರಣವಿದೆ: ಅವರ ತ್ರಿಭುಜವೂ ತ್ರಿಭುಜವೇ, ಕೋಣ ನಮ್ಮ ಕೋನ, ಭಿನ್ನ ನಮ್ಮ ಭಿನ್ನರಾಶಿ. ಅಂಗಡಿಯಲ್ಲಿ ಉಪ್ಪು ಕೇಳಲು ಬಾರದವಳು ರೇಖಾಗಣಿತವನ್ನು ಸಲೀಸಾಗಿ ಹೇಳಿಕೊಡುತ್ತಿದ್ದೆ.

ಸಂಜೆ ಉತ್ತರಪತ್ರಿಕೆ, ಜೋಳ ಬಿಡಿಸುವುದು, ಅಂಗಳದ ಹರಟೆ. ಏಳೂವರೆಗೆ ಊಟ, ಎಂಟೂವರೆಗೆ ದೀಪ ಆರುತ್ತಿತ್ತು. ಮೊದಲ ಎರಡು ತಿಂಗಳು ರಾತ್ರಿ ನಿದ್ದೆ ಬಾರದೆ ಗೋಡೆ ನೋಡುತ್ತ ಮಲಗುತ್ತಿದ್ದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕಷ್ಟಕ್ಕೆ ಸಿದ್ಧರಾಗಿ ಹೋಗಿರುತ್ತೀರಿ, ಬೇಸರಕ್ಕೆ ಆಗಿರುವುದಿಲ್ಲ.

ಎರಡು ಹೊತ್ತೂ ಬೇಳೆ, ಅನ್ನವಂತೆ. ನಾಲಿಗೆ ಜಡ್ಡುಗಟ್ಟಲಿಲ್ಲವೇ?

ದಾಲ್ ಭಾತ್, ತರಕಾರಿ, ಒಂದು ಚಮಚ ಅಚಾರ್: ಬೆಳಿಗ್ಗೆ ಒಂಬತ್ತಕ್ಕೆ, ರಾತ್ರಿ ಏಳೂವರೆಗೆ. ನಡುವೆ ಹುರಿದ ಜೋಳ, ಸೋಯಾ ಕಾಳು ಅಥವಾ ಅವಲಕ್ಕಿ. ಆ ಎತ್ತರದಲ್ಲಿ ನೀರು 94 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕುಕ್ಕರ್ ಇಲ್ಲದಿದ್ದರೆ ಬೇಳೆ ಬೇಯಲು ಬಹಳ ಹೊತ್ತು ಬೇಕು. ಮನೆಯ ಅತಿ ಬೆಲೆಬಾಳುವ ಪಾತ್ರೆ ಅದೇ ಆಗಿತ್ತು. ಅದರ ರಬ್ಬರ್ ಪಟ್ಟಿ ಹರಿದ ವಾರ ಮಂಥಲಿಗೆ ಹೋಗುವವರಿಗೆಲ್ಲ ಅದನ್ನೇ ತರಲು ಹೇಳಿ ಕಾದೆವು.

ಒಂದು ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲ ವಾರ ಅಡುಗೆಮನೆಯ ಮೂಲೆಯಲ್ಲಿ ಭಾವುಜು ಕಬ್ಬಿಣದ ಬಾಣಲೆಯಲ್ಲಿ ಕಪ್ಪಗಿನ ಹಿಟ್ಟು ತಿರುವುತ್ತಿರುವುದನ್ನು ಕಂಡೆ. ಮರದ ಕೋಲು, ಆ ಹಬೆ, ಆ ವಾಸನೆ: ರಾಗಿ ಮುದ್ದೆ. ಅಲ್ಲಿ ಅದಕ್ಕೆ ಢಿಂಡೊ ಎನ್ನುತ್ತಾರೆ, ರಾಗಿಗೆ ಕೋದೊ. ನುಂಗುವುದೂ ನಮ್ಮಂತೆಯೇ, ಅಗಿಯುವ ಹಾಗಿಲ್ಲ. ಜೊತೆಗೆ ಹುಳಿಬರಿಸಿ ಒಣಗಿಸಿದ ಸೊಪ್ಪಿನ ಸಾರು, ಗುಂದ್ರುಕ್. ನನಗೂ ಬೇಕೆಂದೆ. ಭಾವುಜು ನಾಚಿ ಬಾಣಲೆಯ ಮೇಲೆ ತಟ್ಟೆ ಮುಚ್ಚಿದರು. ಅತಿಥಿಗೆ ಅನ್ನ, ಮನೆಯವರಿಗೆ ಢಿಂಡೊ, ಇದು ಅಲ್ಲಿಯ ನಿಯಮ. ಬಡವರ ಊಟವನ್ನು ಹೊರಗಿನವಳಿಗೆ ಬಡಿಸಿದರೆ ಮನೆಯ ಮಾನ ಏನಾಗಬೇಕು? ನಮ್ಮ ಮನೆಯಲ್ಲೂ ಇದೇ ಉಣ್ಣುತ್ತೇವೆ ಎಂದರೆ ಸಮಾಧಾನಕ್ಕೆ ಹೇಳುವ ಸುಳ್ಳೆಂದು ತಿಳಿದರು. ನನ್ನ ತಟ್ಟೆಗೆ ಢಿಂಡೊ ಬಿದ್ದದ್ದು ಎರಡನೆಯ ತಿಂಗಳಿನ ಕೊನೆಗೆ, ಒಂದು ಮಳೆಯ ರಾತ್ರಿ. ಯಾರೂ ಏನೂ ಹೇಳಲಿಲ್ಲ, ಸುಮ್ಮನೆ ಬಡಿಸಿದರು. ಬೆರಳಿನಿಂದ ಮುರಿದು ಸಾರಿನಲ್ಲಿ ಅದ್ದಿ ನುಂಗಿದ ರೀತಿ ನೋಡಿ ಆಮಾ, ‘ಇವಳಿಗೆ ಗೊತ್ತಿದೆ’ ಎಂದರು.

ಸ್ನಾನ, ಶೌಚಾಲಯದ ವ್ಯವಸ್ಥೆ ಹೇಗಿತ್ತು?

ಶೌಚಾಲಯ ಅಂಗಳದ ಆಚೆ, ಚೊಕ್ಕಟವಾಗಿತ್ತು. ತೊಡಕಿದ್ದದ್ದು ನೀರಿನದು. ರಾಮೇಛಾಪ್ ನೀರಿನ ಬರಕ್ಕೆ ಹೆಸರಾದ ಜಿಲ್ಲೆ, ಒರತೆಗಳು ಬತ್ತುತ್ತಿವೆ. ಊರಿನ ನಲ್ಲಿ ಬೆಳಿಗ್ಗೆ ಒಂದು ಗಂಟೆ ಬರುತ್ತಿತ್ತು. ಹೆಂಗಸರ ಗಾಗ್ರಿಗಳು, ಎಂದರೆ ಕೊಡಗಳು, ರಾತ್ರಿಯೇ ಸಾಲಿನಲ್ಲಿ ಕೂರುತ್ತಿದ್ದವು. ಕೊಡವನ್ನು ಡೋಕೊ ಎನ್ನುವ ಬಿದಿರಿನ ಬುಟ್ಟಿಯಲ್ಲಿಟ್ಟು, ನಾಮ್ಲೊ ಎನ್ನುವ ಪಟ್ಟಿಯನ್ನು ಹಣೆಗೆ ಕೊಟ್ಟು ಹೊತ್ತು ಏರಬೇಕು.

ಮೊದಲ ಹದಿನೈದು ದಿನ ನಾನು ದಿನಾ ಸ್ನಾನ ಮಾಡಿದೆ. ಬಕೆಟ್ ತುಂಬಿರುತ್ತಿತ್ತು, ಎಲ್ಲಿಂದ ತುಂಬಿತು ಎಂದು ಕೇಳಲಿಲ್ಲ. ಹದಿನಾರನೆಯ ದಿನ ಬೇಗ ಎಚ್ಚರವಾಗಿ ನೋಡಿದರೆ ಭಾವುಜು ನನಗೆಂದೇ ಒಂದು ಸಾರಿ ಹೆಚ್ಚಿಗೆ ಇಳಿದು ಹತ್ತುತ್ತಿದ್ದಾರೆ, ಒಂದೊಂದು ಸಾರಿಗೆ ನಲವತ್ತು ನಿಮಿಷ. ಊರಿಗೆ ಸೇವೆ ಮಾಡಲು ಬಂದವಳು ಆವರೆಗೆ ಮಾಡಿದ್ದ ಒಟ್ಟು ಕೆಲಸ, ಮನೆಯ ಹೆಂಗಸಿಗೆ ಹತ್ತು ಗಂಟೆಯ ದುಡಿಮೆ ಸೇರಿಸಿದ್ದು. ಆ ದಿನದಿಂದ ವಾರಕ್ಕೆ ಎರಡು ಸ್ನಾನ, ನನ್ನ ನೀರು ನನ್ನದು. ನಾಮ್ಲೊ ಹಣೆಗೆ ಸರಿಯಾಗಿ ಕೂರಲು ಮೂರು ವಾರ ಬೇಕಾಯಿತು. ಅಷ್ಟರಲ್ಲಿ ಅರ್ಧ ಕೊಡ ನನ್ನ ಬೆನ್ನಿಗೇ ಸ್ನಾನ ಮಾಡಿಸಿತ್ತು.

ಜಿಗಣೆ ಕಾಟ?

ಮಳೆಗಾಲದಲ್ಲಿ ಉಂಟು. ಜುಕಾ ಎನ್ನುತ್ತಾರೆ. ಬಟ್ಟೆಯ ಪೊಟ್ಟಣದಲ್ಲಿ ಉಪ್ಪು ಕಟ್ಟಿಕೊಂಡು ಹೋಗಿ. ಕಿರುಚಬೇಡಿ, ಮಕ್ಕಳು ವರ್ಷವಿಡೀ ಅನುಕರಣೆ ಮಾಡುತ್ತಾರೆ.

ಮೊಬೈಲ್, ಇಂಟರ್ನೆಟ್ ಇತ್ತೇ?

ಇತ್ತು. 2023ರ ನವೆಂಬರಿನಲ್ಲಿ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ನಮ್ಮ ಭಾವುಜು ಎರಡು ದಿನ ಮಂಕಾಗಿದ್ದರು, ಮೂರನೆಯ ದಿನ ಊರಿನ ಹುಡುಗನೊಬ್ಬ ಅದಕ್ಕೊಂದು ಉಪಾಯ ಹುಡುಕಿಕೊಟ್ಟ. ಗುಡ್ಡದ ಊರೆಂದರೆ ಜಗತ್ತಿನಿಂದ ದೂರ ಎಂದುಕೊಂಡು ಮನಃಶಾಂತಿಗೆ ಹೋಗುವವರು ಬೇರೆ ಜಾಗ ನೋಡಿಕೊಳ್ಳಿ.

ಆರೋಗ್ಯ ಕೆಟ್ಟರೆ ಗತಿಯೇನು?

ಹತ್ತಿರದ ಆರೋಗ್ಯ ಚೌಕಿ ಒಂದೂವರೆ ಗಂಟೆಯ ದಾರಿ. ಆದರೆ ಪ್ರತಿ ವಾರ್ಡಿನಲ್ಲಿ ಮಹಿಳಾ ಸಾಮುದಾಯಿಕ ಸ್ವಾಸ್ಥ್ಯ ಸ್ವಯಂಸೇವಿಕೆಯರಿದ್ದಾರೆ. 1988ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ದೇಶದಾದ್ಯಂತ ಸುಮಾರು ಐವತ್ತು ಸಾವಿರ ಹೆಂಗಸರು. ಸಂಬಳವಿಲ್ಲ. ವರ್ಷಕ್ಕೆರಡು ಬಾರಿ ಮಕ್ಕಳಿಗೆ ಎ ಜೀವಸತ್ವ ಹಾಕುವುದರಿಂದ ಹಿಡಿದು ಬಸುರಿಯರನ್ನು ಆಸ್ಪತ್ರೆಗೆ ಹೊರಡಿಸುವವರೆಗೆ ಅವರದೇ ಓಡಾಟ.

ಆಷಾಢದ ಒಂದು ರಾತ್ರಿ ನನಗೆ ವಾಂತಿಭೇದಿ ಹತ್ತಿತು. ಹನ್ನೊಂದು ಗಂಟೆಗೆ ಟಾರ್ಚ್ ಹಿಡಿದು, ಪ್ಲಾಸ್ಟಿಕ್ ಹೊದ್ದು ಬಂದವರು ನಮ್ಮ ವಾರ್ಡಿನ ಸ್ವಯಂಸೇವಿಕಾ ದಿದಿ. ಜೀವನ್ ಜಲ್ ಎನ್ನುವ ಓಆರ್‌ಎಸ್ ಪೊಟ್ಟಣ ಕದಡಿ, ಅರ್ಧ ಗಂಟೆಗೊಮ್ಮೆ ಲೋಟ ಹಿಡಿದು ಬೆಳಗಿನವರೆಗೆ ಕೂತಿದ್ದರು. ಮಾತಿಗೆ, ನೀವು ಏನು ಕೆಲಸಕ್ಕೆ ಬಂದದ್ದು ಎಂದು ಕೇಳಿದರು. ಸ್ವಯಂಸೇವಕಿ ಎಂದೆ. ‘ಓ, ನಾನೂ ಅದೇ’ ಎಂದು ನಕ್ಕು, ‘ಇಪ್ಪತ್ತೆರಡು ವರ್ಷವಾಯಿತು’ ಎಂದರು. ಅಲ್ಲಿಂದ ಮುಂದೆ ಯಾರಾದರೂ ಕೇಳಿದರೆ, ಶಾಲೆಗೆ ಬಂದಿದ್ದೇನೆ ಎಂದಷ್ಟೇ ಹೇಳುತ್ತಿದ್ದೆ.

## ಜನರ ನಡುವೆ

ಹಿಂದಿ ಬಂದರೆ ಸಾಕಲ್ಲವೇ?

ಅರ್ಥವಾಗುತ್ತದೆ, ಸಾಕಾಗುವುದಿಲ್ಲ. ಹಿಂದಿಯಲ್ಲಿ ಬಾಯಿ ತೆರೆದ ಕೂಡಲೇ ನೀವು ದೊಡ್ಡ ದೇಶದಿಂದ ಬಂದವರಾಗುತ್ತೀರಿ. 2015ರಲ್ಲಿ ಭೂಕಂಪದ ಐದೇ ತಿಂಗಳಿಗೆ ಭಾರತದ ಗಡಿಯಲ್ಲಿ ಸರಕು ನಿಂತು, ಗ್ಯಾಸು, ಔಷಧಿಗೆ ಪರದಾಡಿದ ನಾಕಾಬಂದಿಯನ್ನು ಯಾರೂ ಮರೆತಿಲ್ಲ. ಚಹಾದಂಗಡಿಯಲ್ಲಿ ನನ್ನನ್ನು ಅದಕ್ಕೆ ಎಷ್ಟು ಸಲ ಹೊಣೆ ಮಾಡಿದರೋ. ವಾದ ಮಾಡಬೇಡಿ, ಕೇಳಿಸಿಕೊಳ್ಳಿ. ಚಹಾದ ದುಡ್ಡನ್ನು ಕೊನೆಗೆ ಅವರೇ ಕೊಡುತ್ತಾರೆ.

ನೇಪಾಳಿ ಕಲಿಯಿರಿ. ದಾರಿಯಲ್ಲಿ ಎದುರಾದವರು ‘ಖಾನಾ ಖಾನು ಭಯೋ?’ ಎನ್ನುತ್ತಾರೆ, ನಮ್ಮ ‘ಊಟ ಆಯಿತೇ?’ ಎನ್ನುವುದರ ಪಡಿಯಚ್ಚು. ಆಯಿತು ಎಂದರೆ ಮುಗಿಯಿತು, ಪಟ್ಟಿ ಒಪ್ಪಿಸಬೇಕಿಲ್ಲ. ಪಾಶ್ಚಾತ್ಯ ದೇಶದ ಗೆಳತಿಯೊಬ್ಬಳು ತನ್ನನ್ನು ದಿನಕ್ಕೆ ಇಪ್ಪತ್ತು ಜನ ಊಟಕ್ಕೆ ಕರೆಯುತ್ತಿದ್ದಾರೆಂದು ತಿಂಗಳುಗಟ್ಟಲೆ ನಂಬಿದ್ದಳು. ‘ಹುಂಛ’ ಎಂದರೆ ಆಗಲಿ. ಆದರೆ ಆಗುವುದೆಂದೇನಲ್ಲ, ನಿಮ್ಮ ಮಾತು ಕೇಳಿಸಿತು ಎಂದು. ‘ಭೋಲಿ’ ಎಂದರೆ ನಾಳೆ, ‘ಪರ್ಸಿ’ ಎಂದರೆ ನಾಡಿದ್ದು. ‘ಭೋಲಿ ಪರ್ಸಿ’ ಎಂದು ಜೊತೆಯಾಗಿ ಬಂದರೆ ಆ ಕೆಲಸದ ಆಸೆ ಬಿಡಿ.

ಹೆಣ್ಣುಮಗಳು ಒಬ್ಬಳೇ ಹೇಗೆ ಇದ್ದೆ, ಭಯವಾಗಲಿಲ್ಲವೇ?

ಇದನ್ನು ಕೇಳುವವರು ಹೆಚ್ಚಾಗಿ ಅತ್ತೆ, ಚಿಕ್ಕಮ್ಮಂದಿರು. ಒಬ್ಬಳೇ ಇರಲು ಅಲ್ಲಿ ಬಿಡುವುದೇ ಇಲ್ಲ. ನಾನು ಒಂದು ಸಂಜೆ ಮೇಲಿನ ಕಾಡಿನಂಚಿಗೆ ಹೋಗಿ ಬರುವಷ್ಟರಲ್ಲಿ ಮೂರು ಮನೆಗೆ ಸುದ್ದಿ ಮುಟ್ಟಿತ್ತು. ಕಿರಿಕಿರಿಯೂ ಅದೇ, ರಕ್ಷಣೆಯೂ ಅದೇ.

ಮಡಿಮೈಲಿಗೆ ನಮಗೆ ಹೊಸದಲ್ಲ. ಎಂಜಲಿಗೆ ‘ಜೂಠೊ’ ಎನ್ನುತ್ತಾರೆ, ನೀರನ್ನು ಎತ್ತಿ ಕುಡಿಯಬೇಕು. ಮುಟ್ಟಾದಾಗ ಭಾವುಜು ನಾಲ್ಕು ದಿನ ಒಲೆಯ ಬಳಿ ಹೋಗುತ್ತಿರಲಿಲ್ಲ, ಆಮಾ ಬೇಯಿಸುತ್ತಿದ್ದರು. ದೂರದ ಪಶ್ಚಿಮ ಜಿಲ್ಲೆಗಳಲ್ಲಿ ಹೆಂಗಸರನ್ನು ಗುಡಿಸಲಿಗೆ ಕಳುಹಿಸುವ ಛೌಪಡಿ ಪದ್ಧತಿಗೆ 2018ರಿಂದ ಮೂರು ತಿಂಗಳ ಜೈಲು ಅಥವಾ 3,000 ರೂಪಾಯಿ ದಂಡ ಇದೆ. ನಮ್ಮ ಮನೆಯಲ್ಲಿ ಅದು ಅಷ್ಟು ಉಗ್ರವಾಗಿರಲಿಲ್ಲ. ನಾನು ಭಾಷಣ ಮಾಡಲಿಲ್ಲ. ಭಾವುಜು ಒಮ್ಮೆ, ‘ನಿಮ್ಮ ಕಡೆ ಹೇಗೆ?’ ಎಂದಾಗ ಇದ್ದದ್ದನ್ನು ಇದ್ದಂತೆ ಹೇಳಿದೆ, ನಮ್ಮಲ್ಲೂ ಮುಗಿದಿಲ್ಲ ಎಂದು.

ಊರಿನಲ್ಲಿ ಗಂಡಸರೇ ಇಲ್ಲವಂತೆ, ನಿಜವೇ?

ಮುದುಕರಿದ್ದಾರೆ, ಹುಡುಗರಿದ್ದಾರೆ, ನಡುವಿನವರು ಕೊಲ್ಲಿ ದೇಶಗಳಲ್ಲಿ, ಮಲೇಷ್ಯಾದಲ್ಲಿ. ವಲಸೆ ಹೋದವರು ಕಳುಹಿಸುವ ಹಣ ನೇಪಾಳದ ಒಟ್ಟು ಉತ್ಪನ್ನದ ಸುಮಾರು ಕಾಲು ಭಾಗಕ್ಕೆ ಸಮ. ನಮ್ಮ ಮನೆಯ ಮಗ ಕತಾರಿನಲ್ಲಿ. ದಿನಾ ರಾತ್ರಿ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಇಡುತ್ತಿದ್ದರು, ಅವನು ಅಲ್ಲಿಂದ ಊಟ ಮಾಡುವುದನ್ನು ನೋಡುತ್ತ ಇವರು ಇಲ್ಲಿ ಊಟ ಮಾಡುತ್ತಿದ್ದರು. ಹೆಚ್ಚು ಮಾತಿರುತ್ತಿರಲಿಲ್ಲ. ಮಗಳು ನಾಲ್ಕು ವರ್ಷದವಳು, ಅಪ್ಪನೆಂದರೆ ಆ ಡಬ್ಬಿಯ ಪಕ್ಕದಲ್ಲಿರುವವನು ಎಂದು ತಿಳಿದಿದ್ದಳು.

## ಕಷ್ಟದ ಪ್ರಶ್ನೆಗಳು

ಇಷ್ಟೆಲ್ಲ ಮಾಡಿ ಊರಿಗೆ ಏನು ಪ್ರಯೋಜನವಾಯಿತು?

ಲೆಕ್ಕ ಕೊಡುತ್ತೇನೆ. ಖಾಲಿಯಿದ್ದ ಗಣಿತ ಶಿಕ್ಷಕರ ಜಾಗಕ್ಕೆ ಒಂದು ಶೈಕ್ಷಣಿಕ ವರ್ಷ ಆಳು ಸಿಕ್ಕಂತಾಯಿತು. ಎಂಟನೆಯ ತರಗತಿಯಲ್ಲಿ ಭಿನ್ನರಾಶಿ ಕಂಡರೆ ಹೆದರುತ್ತಿದ್ದ ಹನ್ನೊಂದು ಮಕ್ಕಳಲ್ಲಿ ಏಳು ಮಂದಿಗೆ ಹೆದರಿಕೆ ಹೋಯಿತು. ಕಿತ್ತಳೆ ಜಾತಿಯ ಜುನಾರ್ ಹಣ್ಣಿಗೆ ಆ ಜಿಲ್ಲೆ ಹೆಸರುವಾಸಿ. ಚಳಿಗಾಲದಲ್ಲಿ ಮಕ್ಕಳ ಜೇಬಿನಲ್ಲಿ ಅದೇ ಇರುತ್ತಿದ್ದರಿಂದ, ಅದರ ತೊಳೆ ಬಿಡಿಸಿಯೇ ಪಾಠ ಮಾಡಿದೆ. ಉಳಿದ ನಾಲ್ವರು ತೊಳೆ ತಿಂದರು, ಲೆಕ್ಕ ಬಿಟ್ಟರು.

ನಾನು ಶುರು ಮಾಡಿದ ವಾಚನಾಲಯ ಎರಡನೇ ತಿಂಗಳಿಗೆ ಬೀಗ ಹಾಕಿಕೊಂಡಿತು, ಅದನ್ನು ಬೇಕೆಂದು ಯಾರೂ ಕೇಳಿರಲಿಲ್ಲ. ಮೊದಲ ಮೂರು ತಿಂಗಳು ನಾನು ಊರಿಗೆ ಭಾರವೇ, ಆಮೇಲೆ ಸಮಸಮ, ದಶೈಂ, ಅಂದರೆ ನಮ್ಮ ದಸರಾ ಹಬ್ಬದ ರಜೆ ಮುಗಿದ ಮೇಲೆ ಒಂದಿಷ್ಟು ಉಪಯೋಗ. ಎರಡು ವಾರಕ್ಕೆ ಹೋಗಿ ಬರುತ್ತೇನೆ ಎನ್ನುವವರು ಈ ಲೆಕ್ಕದಲ್ಲಿ ತಾವು ಎಲ್ಲಿ ನಿಲ್ಲುತ್ತೀರೆಂದು ನೋಡಿಕೊಳ್ಳಬಹುದು.

ನೀವು ಬಿಟ್ಟಿ ದುಡಿದರೆ ಅಲ್ಲಿಯ ಶಿಕ್ಷಕರ ಹೊಟ್ಟೆಯ ಮೇಲೆ ಹೊಡೆದಂತಲ್ಲವೇ?

ಆಗಬಹುದು, ಈ ಪ್ರಶ್ನೆ ಕೇಳಿದವರು ಬಹಳ ಕಡಿಮೆ. ಅಲ್ಲಿ ಸರ್ಕಾರ ನೇಮಿಸಿದವರಲ್ಲದೆ, ಶಾಲೆ ತನ್ನ ಹಣದಿಂದ ಕಡಿಮೆ ಸಂಬಳಕ್ಕೆ ಇಟ್ಟುಕೊಂಡ ‘ನಿಜಿ ಸ್ರೋತ’ ಶಿಕ್ಷಕರಿರುತ್ತಾರೆ. ಪುಕ್ಕಟೆ ಬರುವವರಿದ್ದರೆ ಮೊದಲು ಕತ್ತರಿ ಬೀಳುವುದು ಅವರಿಗೆ. ಅದಕ್ಕೇ ಖಾಲಿ ಹುದ್ದೆ, ಒಂದೇ ವರ್ಷ ಎಂದು ಸಮಿತಿಯಿಂದ ಬರೆಸಿಕೊಂಡು ಹೋದೆ. 2023ರ ಸೆಪ್ಟೆಂಬರಿನಲ್ಲಿ ಶಿಕ್ಷಣ ಮಸೂದೆಯ ವಿರುದ್ಧ ಶಿಕ್ಷಕರು ಕಾಠ್ಮಂಡುವಿನ ಬೀದಿಗಿಳಿದಾಗ ನಮ್ಮ ಶಾಲೆಯವರೂ ಹೋದರು. ಪೋಷಕರೊಬ್ಬರು, ‘ಮಿಸ್, ನೀವಿದ್ದೀರಲ್ಲ, ಶಾಲೆ ತೆರೆಯಿರಿ’ ಎಂದರು. ತೆರೆಯಲಿಲ್ಲ. ಅವರು ಒಂದು ವಾರ ನನ್ನೊಡನೆ ಮಾತು ಬಿಟ್ಟರು.

ಕಾಠ್ಮಂಡು ಅಥವಾ ಪೋಖರಾದ ಅನಾಥಾಶ್ರಮದಲ್ಲಿ ಸ್ವಲ್ಪ ದಿನ ಸೇವೆ ಮಾಡಬಹುದೇ?

ಬೇಡ. ಅಂಥ ಮನೆಗಳಲ್ಲಿರುವ ಮಕ್ಕಳಲ್ಲಿ ಅನೇಕರಿಗೆ ತಂದೆಯೋ ತಾಯಿಯೋ ಇದ್ದಾರೆ. ಓದು ಕೊಡಿಸುತ್ತೇವೆಂದು ನಂಬಿಸಿ ಗುಡ್ಡದ ಊರುಗಳಿಂದಲೇ ಕರೆದೊಯ್ದದ್ದು. ಪ್ರವಾಸಿಗರು ಬರುವ ಕಡೆಯೇ ಅವು ಹೆಚ್ಚಿರುವುದೂ ಸುಮ್ಮನೆ ಅಲ್ಲ. ನೀವು ಕೊಡುವ ಶುಲ್ಕವೇ ಮುಂದಿನ ಮಗುವನ್ನು ಮನೆಯಿಂದ ಹೊರಡಿಸುತ್ತದೆ.

ಹಳೆಯ ಬಟ್ಟೆ, ಪುಸ್ತಕ ಕಳುಹಿಸಿದರೆ ತಲುಪಿಸುತ್ತೀರಾ?

ಇಲ್ಲ. ನೋಟುಪುಸ್ತಕ ಮಂಥಲಿಯಲ್ಲೇ ಸಿಗುತ್ತದೆ, ಅಂಗಡಿಯವರೂ ಬದುಕಬೇಕು.

ಮತ್ತೆ ಯಾವಾಗ ಹೋಗುತ್ತೀರಿ?

ಹೋಗಿ ಬಂದೆ, ಹತ್ತು ದಿನ, ನೆಂಟಳಾಗಿ. ಶಾಲೆಗೆ ಕಾಯಂ ಗಣಿತ ಶಿಕ್ಷಕರು ಬಂದಿದ್ದಾರೆ, ಪಕ್ಕದ ಸಿಂಧುಲಿಯವರು, ನನಗಿಂತ ಚೆನ್ನಾಗಿ ಪಾಠ ಮಾಡುತ್ತಾರೆ. ನಾನು ರಾತ್ರಿಗಟ್ಟಲೆ ಕೂತು ಬರೆದಿದ್ದ ಬಣ್ಣದ ದೊಡ್ಡ ಹಾಳೆಗಳನ್ನು ಇಟ್ಟುಕೊಂಡಿದ್ದೀರಾ ಎಂದು ಸಂಕೋಚದಿಂದಲೇ ಕೇಳಿದೆ. ಇಟ್ಟುಕೊಂಡಿದ್ದಾರೆ. ಎಂಟನೆಯ ತರಗತಿಯ ಉತ್ತರದ ಕಿಟಕಿಗೆ ಗಾಜಿಲ್ಲ. ಭಿನ್ನರಾಶಿಯ ನಾಲ್ಕು ಹಾಳೆಗಳನ್ನು ಒಂದರ ಮೇಲೊಂದು ಮೊಳೆ ಹೊಡೆದು ಅಲ್ಲಿ ಮುಚ್ಚಿದ್ದರು. ‘ಪುಷ್ಯ, ಮಾಘದ ಗಾಳಿಗೆ ಬಹಳ ಉಪಕಾರವಾಯಿತು, ಮಿಸ್’ ಎಂದರು.